ನೀರ ನಿಂಗಣ್ಣ

ಕ್ವಾರಿ ಚಾಳ, ಮಲಾಡ್ ಪೂರ್ವ
೨೦ ಜನವರಿ ೧೯೭೪

ಕೊರಗಪ್ಪಣ್ಣನಿಗೆ ನಿಂಗಣ್ಣನ ನಮಸ್ಕಾರ.

ಮನೆಯವರೆಲ್ಲ ಗಟ್ಟಿಯಾಗಿದ್ದೇವೆ, ಗಾಡಿಯೊಂದೇ ಹಾಸಿಗೆ ಹಿಡಿದಿದೆ. ಎಂಟು ವರ್ಷದ ಮೇಲೆ ಕಾಗದ ಬಂತೆಂದು ಗಾಬರಿಯಾಗಬೇಡ. ಮಲಾಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಐತ ಅಂತ ಒಬ್ಬನಿದ್ದಾನೆ, ನಿಮ್ಮ ಊರ ಕಡೆಯವನು. ಮಾತಿಗೆ ಮಾತು ಬಂದು, ನೀನು ವಿಲೆ ಪಾರ್ಲೆಯ ಬಸ್ ಗ್ಯಾರೇಜಿನಲ್ಲಿ ಹೆಡ್ ಮೇಸ್ತ್ರಿ ಆಗಿದ್ದೀ, ವಿಮಾನದವರ ಬಸ್ಸುಗಳೆಲ್ಲ ನಿನ್ನ ಕೈಯಲ್ಲೇ ಇವೆ ಅಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಅವನದೇ ಹೋಟೆಲಿನಲ್ಲಿ ಅವನಿಗೇ ಒಂದು ಚಹಾ ಕುಡಿಸಿದೆ.

ರಾತ್ರಿ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ತಿದ್ದಿದವರು ನಾವು. ನೀನು ಹೋಟೆಲಿನ ತಟ್ಟೆ ತೊಳೆದು ಬರುತ್ತಿದ್ದೆ, ನಾನು ಮೂಟೆ ಹೊತ್ತು ಬರುತ್ತಿದ್ದೆ. ಆಮೇಲೆ ನೀನು ಜೋಗೇಶ್ವರಿಯ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದೆ, ನಾನು ಅದೇ ಗ್ಯಾರೇಜಿಗೆ ಬರುವ ಲಾರಿಯ ಸ್ಟೀರಿಂಗ್ ಹಿಡಿದೆ. ೬೬ರಲ್ಲಿ ಕಸಾರಾ ಘಾಟಿನಲ್ಲಿ ನಾನು ಇಂಜಿನ್ ಸುಟ್ಟ ಮೇಲೆ ಯಾರೂ ನನಗೆ ಗಾಡಿ ಕೊಡಲಿಲ್ಲ. ರೇಡಿಯೇಟರಿಗೆ ನೀರು ಹಾಕುವುದನ್ನು ಮರೆತ ಡ್ರೈವರಿಗೆ ಯಾರು ಕೊಟ್ಟಾರು? ಏಳು ವರ್ಷ ಸುಂದ್ರವ್ವನೂ ನಾನೂ ಈ ಕ್ವಾರಿಯಲ್ಲಿ ಕಲ್ಲು ಒಡೆದೆವು. ನನಗೆ ಗಾಡಿ ಕಲಿಸಿದ ಚನ್ನಬಸಯ್ಯನವರು ಇದೇ ಕ್ವಾರಿಯಲ್ಲಿ ಡ್ರೈವರು. ಇಂಜಿನ್ ಸುಟ್ಟ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಎದುರಿಗೆ ಬಂದರೆ ರಸ್ತೆಯ ಆ ಕಡೆ ನೋಡುತ್ತಾರೆ.

ಹೋದ ದಸರೆಗೆ ಇಲ್ಲಿನ ಸೇಠ್ ಹೇಗೋ ಮನಸ್ಸು ಮಾಡಿ ಒಂದು ಗಾಡಿ ಕೊಟ್ಟರು. ಅದು ಯಾವುದು ಹೇಳು ನೋಡೋಣ! ನಾನು ಘಾಟಿನಲ್ಲಿ ಸುಟ್ಟ ನಮ್ಮದೇ ಹಳೆಯ ಮಿಲಿಟರಿ ಲಾರಿ. ಕುರ್ಲಾದ ಗುಜರಿಯವನ ಹತ್ತಿರ ಹೋಗಿ, ಹೊಸ ಪಿಸ್ಟನ್ ಹಾಕಿಸಿಕೊಂಡು, ಮೂರು ಮಾಲೀಕರ ಕೈ ದಾಟಿ ಮತ್ತೆ ನನ್ನ ಹತ್ತಿರವೇ ಬಂದಿದೆ. ನಾನು ಅದರ ಬಾನೆಟ್ಟಿನ ಮೇಲೆ ಕೈ ಇಟ್ಟು ಅತ್ತೇ ಬಿಟ್ಟೆ. ಈಗ ಎರಡು ಡಬ್ಬಿ ನೀರು ಪಕ್ಕದಲ್ಲೇ ಇಟ್ಟುಕೊಂಡು, ಮೈಲಿಗೊಮ್ಮೆ ಇಳಿದು, ಗೋಣಿಚೀಲ ಒದ್ದೆ ಮಾಡಿ ಮುಚ್ಚಳ ತೆಗೆದು ನೋಡುತ್ತೇನೆ. ಉಳಿದ ಡ್ರೈವರುಗಳು ನನಗೆ ‘ನೀರ ನಿಂಗಣ್ಣ’ ಅಂತ ಹೆಸರಿಟ್ಟಿದ್ದಾರೆ. ಅನ್ನಲಿ.

ಆದರೆ ಇಷ್ಟು ನೋಡಿಕೊಂಡರೂ ಗಾಡಿ ಕುದಿಯುತ್ತದೆ ಅಣ್ಣ. ಲೋಡು ಹೊತ್ತು ಏರು ಹತ್ತುವಾಗ ಕೆಮ್ಮುತ್ತದೆ, ಕಾರ್ಬೊರೇಟರಿನಲ್ಲಿ ಟಪ್ ಅಂತ ಬೆಂಕಿ ಉಗುಳುತ್ತದೆ, ಮುಚ್ಚಳದಿಂದ ಹಬೆ ಏಳುತ್ತದೆ. ಹಿಂದಿನ ಡ್ರೈವರುಗಳು ಇದಕ್ಕೆ ಹುಟ್ಟುಜ್ವರ ಅನ್ನುತ್ತಾರೆ. ಇನ್ನೊಂದು ಇಂಜಿನ್ ನನ್ನ ಕೈಯಲ್ಲಿ ಸುಟ್ಟರೆ ನಾನು ಉಳಿಯುವುದಿಲ್ಲ. ನಾಲ್ಕೇ ಸ್ಟೇಷನ್ ಅಲ್ಲವೇ, ಒಂದು ಭಾನುವಾರ ಬಂದು ಕೈ ಆಡಿಸಿ ಹೋಗು.

ನಿನ್ನ ತಮ್ಮನಂಥ
ನಿಂಗಣ್ಣ


ವಿಲೆ ಪಾರ್ಲೆ
೨೯ ಜನವರಿ ೧೯೭೪

ನಿಂಗಣ್ಣ,

ನಿನ್ನ ಕಾಗದ ಬಂದು ವಾರವಾಯಿತು. ಕಿಸೆಯಲ್ಲಿಟ್ಟುಕೊಂಡು ತಿರುಗಿ ಗ್ರೀಸ್ ಹತ್ತಿ ಅರ್ಧ ಅಕ್ಷರ ಕಪ್ಪಾಗಿದೆ. ಉಳಿದರ್ಧದಲ್ಲಿ ಓದಿಕೊಂಡೆ. ನೀನು ಮತ್ತೆ ಗಾಡಿ ಹತ್ತಿದ್ದು ಕೇಳಿ ಮನಸ್ಸಿಗೆ ಸಮಾಧಾನವಾಯಿತು, ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ.

ಭಾನುವಾರ ಬರಲಿಕ್ಕೆ ಆಗುವುದಿಲ್ಲ. ವಿಮಾನಕ್ಕೆ ಭಾನುವಾರ ಎಂಬುದಿಲ್ಲ, ಹಾಗಾಗಿ ನನಗೂ ಇಲ್ಲ. ಇನ್ನು ಅದು ಹಳೆಯ ಗಾಡಿಯೇ ಎಂದು ಹೇಗೆ ಹೇಳುತ್ತಿ? ಮಿಲಿಟರಿಯವರು ಹರಾಜು ಹಾಕಿದ ಲಾರಿಗಳೆಲ್ಲ ಒಂದೇ ಮುಖದವು. ಬೇರೆಯದೇ ಇರಬಹುದು.

ಯಾವುದೇ ಇರಲಿ, ಕಾಗದದಲ್ಲೇ ಕಾಯಿಲೆ ಹುಡುಕೋಣ. ನೀರು ಕಡಿಮೆಯಾಗಬೇಕಾದರೆ ಒಂದೋ ಕೆಳಗೆ ಸೋರಬೇಕು, ಇಲ್ಲವೇ ಇಂಜಿನ್ನಿನ ಒಳಗೆ ಹೋಗಬೇಕು, ಇಲ್ಲವೇ ಕುದ್ದು ಮೇಲೆ ಹೋಗಬೇಕು. ರಾತ್ರಿ ಗಾಡಿಯ ಕೆಳಗೆ ಹಳೆಯ ಪೇಪರು ಹಾಸು, ಬೆಳಿಗ್ಗೆ ಹನಿ ಬಿದ್ದಿದೆಯೋ ನೋಡು. ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡು. ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ನೋಡುವ ಕಡ್ಡಿ ಎಳೆದು ನೋಡು. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಆಯಿಲಿಗೆ ಸೇರುತ್ತಿದೆ ಎಂದು ಲೆಕ್ಕ. ಫ್ಯಾನ್ ಬೆಲ್ಟು ಬೆರಳಿನಿಂದ ಒತ್ತಿ ನೋಡು. ರೇಡಿಯೇಟರಿನ ನೀರಿನ ಬಣ್ಣ ಬರಿ.

ಇಷ್ಟನ್ನು ನೋಡದೆ ದಾರಿಯಲ್ಲಿ ಸಿಕ್ಕ ಮೇಸ್ತ್ರಿಯ ಮಾತು ಕೇಳಿ ಇಂಜಿನ್ ಬಿಚ್ಚಿಸಬೇಡ. ನೆಗಡಿ ಬಂತೆಂದು ಮೂಗು ಕೊಯ್ಯುವವರೇ ಹೆಚ್ಚು ಈ ಊರಿನಲ್ಲಿ.

ಸುಂದ್ರವ್ವನನ್ನು ಕೇಳಿದೆನೆಂದು ಹೇಳು.

ಕೊರಗಪ್ಪ


ಮಲಾಡ್ ಪೂರ್ವ
೧೦ ಫೆಬ್ರವರಿ ೧೯೭೪

ಕೊರಗಪ್ಪಣ್ಣನಿಗೆ,

ನೀನು ಹೇಳಿದ್ದೆಲ್ಲ ಮಾಡಿದೆ. ಪೇಪರಿನ ಮೇಲೆ ನೀರಿನ ಹನಿ ಇಲ್ಲ, ಆಯಿಲಿನದು ಎರಡಿದೆ. ಗುಳ್ಳೆ ಇಲ್ಲ. ಕಡ್ಡಿಯ ಮೇಲೆ ಆಯಿಲ್ ಕಪ್ಪಗಿದೆ, ಚಹಾ ಆಗಿಲ್ಲ. ಬೆಲ್ಟು ಗಟ್ಟಿ. ನೀರಿನ ಬಣ್ಣ ಮಾತ್ರ ಹಳದಿ.

ನೀನು ಬೈಯುತ್ತೀ, ಆದರೂ ಹೇಳುತ್ತೇನೆ. ದೀಪಾವಳಿಯ ಹೊತ್ತಿಗೆ ರೇಡಿಯೇಟರ್ ಸ್ವಲ್ಪ ಜಿನುಗುತ್ತಿತ್ತು. ಎಲ್ಲ ಡ್ರೈವರುಗಳೂ ಮಾಡುವ ಹಾಗೆ ಒಂದು ಮುಷ್ಟಿ ಅರಿಶಿನಪುಡಿ ಹಾಕಿದೆ. ಜಿನುಗುವುದು ನಿಂತಿತು. ನಿಂತ ಸಂತೋಷಕ್ಕೆ ಇನ್ನೊಂದು ಮುಷ್ಟಿ ಹಾಕಿದೆ. ಸುಂದ್ರವ್ವ ಡಬ್ಬಿ ಖಾಲಿ ಆಗಿದ್ದು ನೋಡಿ, “ಅಡಗಿಗೆ ಒಂದ ಚಿಟಿಕಿ ಕೇಳಿದ್ರ ಇಲ್ಲ ಅಂತೀರಿ, ನಿಮ್ಮ ಹಿರೇ ಹೆಂಡತಿಗೆ ಡಬ್ಬಿಗಟ್ಲೆ ಸುರೀತೀರಿ,” ಅಂದಳು. ಗಾಡಿಯನ್ನು ಅವಳು ಹಿರೇ ಹೆಂಡತಿ ಅಂತಲೇ ಕರೆಯುವುದು.

ಇದು ಬೇರೆ ಗಾಡಿ ಇರಬಹುದು ಅಂತ ಬರೆದಿದ್ದೀ. ಎಡಗಡೆ ಬಾಗಿಲಿನ ಒಳಗೆ ನಾವಿಬ್ಬರೂ ಮೊಳೆಯಿಂದ ಕೊರೆದ ಹೆಸರುಗಳಿವೆ. ಕೊರಗಪ್ಪನ ‘ಪ’ಕ್ಕೆ ಒತ್ತು ಬಿಟ್ಟು ಆಮೇಲೆ ಕೆಳಗೆ ತುರುಕಿದ್ದೀಯಲ್ಲ, ಆ ಗುರುತೂ ಇದೆ. ಅದೇ ಗಾಡಿ.

ನಿಂಗಣ್ಣ


ವಿಲೆ ಪಾರ್ಲೆ
೧೬ ಫೆಬ್ರವರಿ ೧೯೭೪

ನಿಂಗಣ್ಣ,

ಎಂತ ಮಾರಾಯ, ರೇಡಿಯೇಟರಿನಲ್ಲಿ ಸಾಂಬಾರು ಮಾಡಿದ್ದೀಯಾ? ಸ್ವಲ್ಪ ತೊಗರಿಬೇಳೆಯನ್ನೂ ಹಾಕಿದ್ದರೆ ಐತ ಹೋಟೆಲಿನಿಂದ ಇಡ್ಲಿ ತರುತ್ತಿದ್ದ. ಅರಿಶಿನ ತೂತನ್ನೂ ಮುಚ್ಚುತ್ತದೆ, ನೀರು ಹರಿಯುವ ಕೊಳವೆಯನ್ನೂ ಮುಚ್ಚುತ್ತದೆ. ಅದಕ್ಕೆ ಯಾವುದು ತೂತು, ಯಾವುದು ದಾರಿ ಎಂದು ಗೊತ್ತಾಗುತ್ತದಾ?

ಬಿಸಿನೀರಿನಲ್ಲಿ ಬಟ್ಟೆ ಸೋಡಾ ಕರಗಿಸಿ ಹಾಕಿ ಒಂದು ದಿನ ಓಡಿಸು. ಆಮೇಲೆ ಕೆಳಗಿನ ಪೈಪು ಬಿಚ್ಚಿ, ನಲ್ಲಿಯ ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡು. ಹಳದಿ ಹೋಗುವವರೆಗೂ ಬಿಡು. ಜಿನುಗುವ ಜಾಗವನ್ನು ಬೆಸುಗೆಯವನಿಂದ ಮುಚ್ಚಿಸು. ಕ್ವಾರಿಯ ಹೊಂಡದ ನೀರು ಹಾಕಬೇಡ, ಅದರಲ್ಲಿ ಸುಣ್ಣ ಇರುತ್ತದೆ.

ಕೆಮ್ಮು ಇದರಿಂದ ಹೋಗುತ್ತದೋ ಇಲ್ಲವೋ. ಏರು ಹತ್ತಿದ ಕೂಡಲೇ ಇಂಜಿನ್ ನಿಲ್ಲಿಸಿ ಆರೂ ಪ್ಲಗ್ ಬಿಚ್ಚಿ, ತುದಿಯ ಬಣ್ಣ ನೋಡಿ ಬರಿ. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಅರೆಹೊಟ್ಟೆಯಲ್ಲಿ ಲೋಡು ಎಳೆಯುವ ಇಂಜಿನ್ ಕಾದೇ ಕಾಯುತ್ತದೆ.

ಬಾಗಿಲ ಹೆಸರು ನನಗೆ ನೆನಪಿಲ್ಲ.

ಕೊರಗಪ್ಪ


ಮಲಾಡ್ ಪೂರ್ವ
೩ ಮಾರ್ಚ್ ೧೯೭೪

ಕೊರಗಪ್ಪಣ್ಣನಿಗೆ,

ಅರಿಶಿನವೆಲ್ಲ ಹೋಯಿತು. ಚಾಳಿನ ಮೋರಿ ಎರಡು ದಿನ ಮದುವೆಮನೆಯ ಹಾಗೆ ಹಳದಿಯಾಗಿ ಹರಿಯಿತು. ಖಾಲಿ ಗಾಡಿ ಈಗ ಕುದಿಯುವುದಿಲ್ಲ. ಲೋಡು ಹಾಕಿ ಏರು ಹತ್ತಿದರೆ ಮಾತ್ರ ಅದೇ ಕೆಮ್ಮು, ಅದೇ ಹಬೆ.

ಪ್ಲಗ್ ನೋಡಿದೆ. ಆರೂ ಬೆಳ್ಳಗಿವೆ. ಐದನೆಯದಂತೂ ಸುಣ್ಣದ ಕಡ್ಡಿಯ ಹಾಗಿದೆ. ಸೇಠನ್ನು ಕೇಳಿದ್ದಕ್ಕೆ, ಪೆಟ್ರೋಲ್ ದುಬಾರಿ ಆಯಿತೆಂದು ಯಾರಿಗೋ ಹೇಳಿ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಸಣ್ಣದು ಹಾಕಿಸಿದ್ದಾಗಿ ಒಪ್ಪಿಕೊಂಡರು. ಕಾಡಿ ಬೇಡಿ ಮೊದಲಿನ ಜೆಟ್ ಹಾಕಿಸಿದೆ. ಉಳಿದ ಐದು ಪ್ಲಗ್ ಕಂದು ಬಣ್ಣಕ್ಕೆ ಬಂದವು. ಐದನೆಯದು ಮಾತ್ರ ಬೆಳ್ಳಗೇ ಇದೆ. ಇದೆಂಥ ಹಟ ಅಣ್ಣ ಅದರದು?

ಹೋದ ಭಾನುವಾರ ನಾನೇ ನಿನ್ನ ಗ್ಯಾರೇಜಿಗೆ ಬಂದಿದ್ದೆ. ಮೇಸ್ತ್ರಿ ದಾದರಿಗೆ ಹೋಗಿದ್ದಾರೆ ಅಂತ ವಾಚ್‌ಮನ್ ಹೇಳಿದ. ಸ್ವಲ್ಪ ಹೊತ್ತು ಬಸ್ಸುಗಳ ನಡುವೆ ಅಡ್ಡಾಡಿದೆ. ಎಲ್ಲ ಎಷ್ಟು ಚೊಕ್ಕಟವಾಗಿಟ್ಟಿದ್ದೀ! ಸುಂದ್ರವ್ವ ಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ನಿನ್ನ ಬೆಂಚಿನ ಮೇಲೆ ಇಟ್ಟು ಬಂದೆ. ಸಿಕ್ಕಿತೋ ಇಲ್ಲವೋ ತಿಳಿಸು.

ಮೊನ್ನೆ ಕ್ವಾರಿಯ ಏರಿನಲ್ಲಿ ಗಾಡಿ ನಿಂತು ಹಿಂದಿನ ನಾಲ್ಕು ಗಾಡಿ ಸಿಕ್ಕಿಬಿದ್ದವು. ಸೇಠ್ ಎಲ್ಲರೆದುರಿಗೆ, “ಪಾಡ್ವಾ ತಕ್ ದೇಖೂಂಗಾ ನಿಂಗಣ್ಣ, ಬಾದ್ ಮೇಂ ದೂಸ್ರಾ ಡ್ರೈವರ್,” ಅಂದರು. ಪಾಡ್ವಾ ಅಂದರೆ ನಮ್ಮ ಯುಗಾದಿ, ಮೂರೇ ವಾರ ಉಳಿದಿದೆ, ಆಮೇಲೆ ಗಾಡಿ ಬೇರೆ ಡ್ರೈವರಿಗೆ. ಚನ್ನಬಸಯ್ಯನವರು ಅಲ್ಲೇ ಇದ್ದರು. ನನ್ನ ಕಡೆ ನೋಡದೆ ಪಕ್ಕದವನಿಗೆ, “ಹುಟ್ಟುಗುಣ ಘಟ್ಟಾ ಹತ್ತಿದ್ರೂ ಬಿಡೂದಿಲ್ಲಪಾ,” ಅಂದರು. ಕೆಲಸ ಹೋದರೆ ಮತ್ತೆ ಸುತ್ತಿಗೆ ಹಿಡಿದೇನು, ಅದು ದೊಡ್ಡ ಮಾತಲ್ಲ. ಆ ಮಾತು ನಿಜ ಆಗಬಾರದು ಅಷ್ಟೇ.

ಬೇಗ ಬರಿ.
ನಿಂಗಣ್ಣ


ಮಲಾಡ್ ಪೂರ್ವ
೧೨ ಮಾರ್ಚ್ ೧೯೭೪

ಕೊರಗಪ್ಪಣ್ಣನಿಗೆ,

ಹೋದ ಕಾಗದ ಮುಟ್ಟಿತೇ? ಉತ್ತರವಿಲ್ಲ. ಮೈಯಲ್ಲಿ ಹುಷಾರಿದ್ದೀ ತಾನೆ? ಗಾಡಿಯ ಮಾತು ಇರಲಿ, ನಿನ್ನದು ಎರಡು ಸಾಲು ಬರಿ.

ನಿಂಗಣ್ಣ


ವಿಲೆ ಪಾರ್ಲೆ
೧೫ ಮಾರ್ಚ್ ೧೯೭೪

ನಿಂಗಣ್ಣ,

ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗುವ ಬೀಡು ಕಬ್ಬಿಣದ ಕೊಳವೆ ಉಂಟಲ್ಲ, ಮ್ಯಾನಿಫೋಲ್ಡ್, ಅದರಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ. ಲೋಡು ಹಾಕಿ ಏರು ಹತ್ತಿಸಿ, ಕಾದ ಇಂಜಿನ್ನನ್ನು ನಿಧಾನಕ್ಕೆ ಓಡಲು ಬಿಡು. ಎಣ್ಣೆ ಕುಪ್ಪಿಯಲ್ಲಿ ತೆಳು ಎಣ್ಣೆ ತುಂಬಿ ಕೊಳವೆಯ ಮೇಲೆ, ಜೋಡಣೆಗಳ ಮೇಲೆ ಹನಿಹನಿಯಾಗಿ ಬಿಡುತ್ತಾ ಹೋಗು. ಪೆಟ್ರೋಲ್ ಬಿಡಬೇಡ, ಬೆಂಕಿ ಹತ್ತೀತು. ಎಲ್ಲಿ ಹನಿ ಒಳಕ್ಕೆ ಎಳೆದುಕೊಂಡು ಇಂಜಿನ್ನಿನ ಧ್ವನಿ ಬದಲಾಗುತ್ತದೋ, ಅಲ್ಲಿ ಬಿರುಕು.

ಐದನೆಯ ಸಿಲಿಂಡರಿಗೆ ಹೋಗುವ ಕವಲಿನ ಕೆಳಭಾಗವನ್ನು ಮೊದಲು ನೋಡು. ಕಣ್ಣಿಗೆ ಕಾಣುವ ಜಾಗ ಅಲ್ಲ. ಸುಂದ್ರವ್ವನ ಕುಂಕುಮದ ಕನ್ನಡಿ ತಗ್ಗಿಸಿ ಹಿಡಿ.

ರೊಟ್ಟಿ ಸಿಕ್ಕಿತು.

ಕೊರಗಪ್ಪ


ಮಲಾಡ್ ಪೂರ್ವ
೨೪ ಮಾರ್ಚ್ ೧೯೭೪, ಯುಗಾದಿ

ಕೊರಗಪ್ಪಣ್ಣನಿಗೆ ಸುಂದ್ರವ್ವ, ನಿಂಗಣ್ಣ ಇಬ್ಬರದೂ ನಮಸ್ಕಾರ.

ನಿನ್ನ ಕೈಗೆ ಚಿನ್ನದ ಕಡಗ ಹಾಕಬೇಕು! ನಾಲ್ಕು ಸ್ಟೇಷನ್ ಆಚೆ ಕೂತು, ಗಾಡಿ ಮುಟ್ಟದೆ, ಇಂಥ ಜಾಗದಲ್ಲಿ ಇಂಥ ಬಿರುಕು ಅಂತ ಹೇಳಿದೆಯಲ್ಲ, ಡಾಕ್ಟರಿಗೂ ಆಗುತ್ತದೇನು? ಎಣ್ಣೆಯ ಹನಿ ಬಿಟ್ಟ ಕೂಡಲೇ ಇಂಜಿನ್ ತಡವರಿಸಿತು. ಕನ್ನಡಿ ಹಿಡಿದರೆ ಕೂದಲೆಳೆಯಷ್ಟು ಬಿರುಕು. ತಣ್ಣಗಿದ್ದಾಗ ಮುಚ್ಚಿಕೊಳ್ಳುತ್ತದೆ, ಕಾದರೆ ಬಾಯಿ ಬಿಡುತ್ತದೆ. ಬಿಚ್ಚಿ ಜೋಗೇಶ್ವರಿಗೆ ಒಯ್ದು ಹಿತ್ತಾಳೆಯ ಬೆಸುಗೆ ಹಾಕಿಸಿದೆ. ನಿನ್ನೆ ಪೂರ್ತಿ ಲೋಡು ಹೊತ್ತು ಏರು ಹತ್ತಿತು ಅಣ್ಣ, ಒಮ್ಮೆಯೂ ಕೆಮ್ಮಲಿಲ್ಲ. ಸೇಠ್ ಪಕ್ಕದಲ್ಲೇ ಕೂತಿದ್ದರು. ಇಳಿದ ಮೇಲೆ ನನ್ನ ಬೆನ್ನು ತಟ್ಟಿದರು. ಗಾಡಿ ನನ್ನ ಕೈಯಲ್ಲೇ ಉಳಿಯಿತು.

ಬೆಸುಗೆಯವನು ಒಂದು ವಿಷಯ ತೋರಿಸಿದ. ಆ ಬಿರುಕಿಗೆ ಯಾರೋ ಹಿಂದೆಯೇ ಸಫೇದಾ ಮೆತ್ತಿ, ಮೇಲೆ ಕಪ್ಪು ಪೇಂಟು ಬಳಿದು ಮುಚ್ಚಿದ್ದಾರೆ. ಸಫೇದಾ ಅಂದರೆ ನಲ್ಲಿಯವರು ಪೈಪಿನ ತಿರುಪಿಗೆ ಹಚ್ಚುವ ಬಿಳಿ ಮೇಣ, ಅದು ಇಂಜಿನ್ನಿನ ಕಾವಿಗೆ ಎಷ್ಟು ದಿನ ಬಾಳೀತು? ಯಾವ ಮನೆಹಾಳನ ಕೆಲಸವೋ, ಅವನ ಕೈಗೆ ಹುಳ ಬೀಳಲಿ. ಹಬ್ಬದ ದಿನ ಬೈಯಬಾರದು, ಆದರೂ ಬೈದೆ.

ಸುಂದ್ರವ್ವ ಹೋಳಿಗೆ ತಟ್ಟುತ್ತಾ, “ಘಾಟಿನ್ಯಾಗ ಸುಟ್ಟಾಗೂ ಆ ಬಿರುಕ ಇತ್ತೇನ್ರಿ?” ಅಂತ ಕೇಳಿದಳು. ಇದ್ದಿದ್ದರೇನು, ಅವತ್ತು ನೀರೇ ಇರಲಿಲ್ಲವಲ್ಲ ಅಂದೆ. ಅಣ್ಣ, ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಘಾಟಿನ ಬುಡದ ಬಾವಿಯಲ್ಲಿ ನೀರು ಸೇದಿ ಹಾಕಿದ ಹಾಗೆ ನನಗೆ ನೆನಪಿದೆ. ಹಗ್ಗ ಒದ್ದೆಯಾಗಿ ಅಂಗೈಗೆ ಹತ್ತಿದ್ದೂ ನೆನಪಿದೆ. ಆದರೆ ಅದು ಹಿಂದಿನ ಟ್ರಿಪ್ಪಿನದು ಇರಬೇಕು. ಇಂಜಿನ್ ಬಿಚ್ಚಿ ನೋಡಿ ನೀರಿಲ್ಲ ಅಂದವನು ನೀನು, ನೀನು ಸುಳ್ಳು ಹೇಳುತ್ತೀಯಾ? ಎಂಟು ವರ್ಷದಿಂದ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಅಂತ ಮೂರು ಸಲ ತಿರುಗಿ ಬರುತ್ತೇನೆ.

ಹೋಳಿಗೆ ಐತನ ಕೈಯಲ್ಲಿ ಕಳಿಸಿದ್ದೇನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನೀನೂ ಒಂದು ದಿನ ಬಂದೇ ಬರುತ್ತೀ.

ನಿನ್ನ ತಮ್ಮ
ನಿಂಗಣ್ಣ


ವಿಲೆ ಪಾರ್ಲೆ
೫ ಮೇ ೧೯೭೪

ನಿಂಗಣ್ಣ,

ಆರು ವಾರ ಬರೆಯಲಿಲ್ಲ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ರೈಲು ಮುಷ್ಕರದ ಗಲಾಟೆ ಎಂದೂ ಬರೆಯಬಹುದು. ಅದೆಲ್ಲ ಸುಳ್ಳಾಗುತ್ತದೆ. ಸುಳ್ಳು ಸಾಕಾಗಿದೆ.

ಆ ಮನೆಹಾಳ ನಾನು.

೬೬ರ ಫೆಬ್ರವರಿಯಲ್ಲಿ ನಿನ್ನ ಗಾಡಿಯ ಕೆಲಸ ನನಗೆ ಬಂತು. ದೊಡ್ಡ ಮೇಸ್ತ್ರಿ ಮೊದಲ ಸಲ ಇಡೀ ಇಂಜಿನ್ ನನ್ನೊಬ್ಬನ ಕೈಗೆ ಕೊಟ್ಟಿದ್ದರು. ಮ್ಯಾನಿಫೋಲ್ಡ್ ಬಿಚ್ಚುವಾಗ ಕೈ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಬೀಡು ಬಿದ್ದರೆ ಬಿರುಕು ಬಿಡದೆ ಇರುತ್ತದಾ? ಮಿಲಿಟರಿ ಗಾಡಿಗೆ ಹೊಸದು ಸಿಗುವುದಿಲ್ಲ. ಹೇಳಿದ್ದರೆ ಮತ್ತೆ ತಟ್ಟೆ ತೊಳೆಯಲು ಕಳಿಸುತ್ತಿದ್ದರು. ಮೋಹಿನಿಯ ಮನೆಯವರು ಹುಡುಗ ಮೇಸ್ತ್ರಿ ಎಂದು ಮದುವೆಗೆ ಒಪ್ಪಿ ಒಂದು ತಿಂಗಳಾಗಿತ್ತು. ಸಫೇದಾ ಮೆತ್ತಿ ಪೇಂಟು ಹೊಡೆದೆ. ನೀನು ಗಾಡಿ ಒಯ್ಯಲು ಬಂದಾಗ ನನ್ನ ಹೆಗಲ ಮೇಲೆ ಕೈ ಹಾಕಿ ಚಹಾಕ್ಕೆ ಕರೆದುಕೊಂಡು ಹೋದೆ.

ಎರಡು ತಿಂಗಳಿಗೆ ಘಾಟಿನಿಂದ ಗಾಡಿಯನ್ನು ಎಳೆದು ತಂದರು. ಈಗ ಸರಿಯಾಗಿ ಓದು. ಬಿಚ್ಚುವ ಮೊದಲು ಇಂಜಿನ್ನಿನ ಪಕ್ಕದ ನಲ್ಲಿ ತಿರುಗಿಸಿದೆ. ಒಂದು ಬಕೆಟ್ ನೀರು ಬಂತು. ನನ್ನ ಕೈ ಮೇಲೆಯೇ ಬಂತು. ಹೆಡ್ ತೆಗೆದರೆ ಐದನೆಯ ಪಿಸ್ಟನ್ ಮಾತ್ರ ಕರಗಿತ್ತು, ಉಳಿದ ಐದು ಸರಿ ಇದ್ದವು. ನೀರಿಲ್ಲದೆ ಸುಟ್ಟ ಇಂಜಿನ್ನಿನಲ್ಲಿ ಆರೂ ಹಿಡಿಯುತ್ತವೆ. ಒಂದೇ ಕರಗಿದರೆ ಅದು ಗಾಳಿ ನುಗ್ಗಿದ ಸಿಲಿಂಡರ್. ನೀನು ನೀರು ಹಾಕಿದ್ದೆ ನಿಂಗಣ್ಣ. ಬಾವಿ, ಹಗ್ಗ, ಅಂಗೈ, ನಿನಗೆ ನೆನಪಿರುವುದೆಲ್ಲ ಆ ದಿನದ್ದೇ.

ಆ ಬಕೆಟನ್ನು ನಾನು ಮೋರಿಗೆ ಸುರಿದೆ. ದೊಡ್ಡ ಮೇಸ್ತ್ರಿ, “ನೀರಿತ್ತಾ?” ಎಂದು ಕೇಳಿದರು. “ಒಂದು ಹನಿ ಇರಲಿಲ್ಲ,” ಎಂದೆ. ನೀನು ಅಲ್ಲೇ ನಿಂತಿದ್ದೆ. ಜಗಳ ಮಾಡುತ್ತೀ ಎಂದು ನಾನು ಕಾದಿದ್ದೆ. ನೀನು ತಲೆ ತಗ್ಗಿಸಿ, “ಹಂಗಾದ್ರ ನಾನ ಮರತಿರಬೇಕ್ರಿ,” ಎಂದೆ. ಆ ಮಾತು ಇವತ್ತಿಗೂ ಕಿವಿಯಲ್ಲಿ ಉಂಟು. ನೀನು ಬೈದಿದ್ದರೆ ಮರೆಯುತ್ತಿದ್ದೆ.

ಜೋಗೇಶ್ವರಿ ಬಿಟ್ಟದ್ದು ಅದಕ್ಕೇ. ನಿನ್ನ ಮೊದಲ ಕಾಗದ ನೋಡಿದಾಗಲೇ ಇದು ಅದೇ ಬಿರುಕು ಎಂದು ಗೊತ್ತಾಯಿತು. ಎಣ್ಣೆಯ ಪರೀಕ್ಷೆಯನ್ನು ಜನವರಿಯಲ್ಲೇ ಹೇಳಬಹುದಿತ್ತು, ಸಫೇದಾ ಕಾಣುತ್ತದೆಂದು ಹೆದರಿ ಹೇಳಲಿಲ್ಲ. ಪಾಡ್ವಾದ ಸುದ್ದಿ ಬಂದ ಮೇಲೆ, ಹಾವೂ ಸಾಯದೆ ಕೋಲೂ ಮುರಿಯದೆ ನಿನ್ನ ಕೆಲಸ ಉಳಿದರೆ ಸಾಕೆಂದು ಬರೆದೆ. ನೀನು ಗ್ಯಾರೇಜಿಗೆ ಬಂದ ದಿನ ನಾನು ದಾದರಿಗೆ ಹೋಗಿರಲಿಲ್ಲ. ಒಂದು ಬಸ್ಸಿನ ಕೆಳಗೆ ಮಲಗಿದ್ದೆ. ನಿನ್ನ ಕಾಲು ಅತ್ತ ಇತ್ತ ನಡೆಯುವುದು ಕಾಣುತ್ತಿತ್ತು. ಚಪ್ಪಲಿಯ ಬಾರು ತಂತಿಯಲ್ಲಿ ಹೊಲಿದಿದ್ದೆಯಲ್ಲ. ನೀನು ಹೋದ ಮೇಲೂ ತುಂಬಾ ಹೊತ್ತು ಅಲ್ಲೇ ಇದ್ದೆ. ರೊಟ್ಟಿಯನ್ನು ಮೋಹಿನಿ ತಿಂದಳು. ಯಾರು ಕೊಟ್ಟದ್ದು ಎಂದು ಕೇಳಿದಳು. ಅವಳಿಗೂ ಎಲ್ಲ ಹೇಳಿದ್ದೇನೆ, ಮೊನ್ನೆ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ನಿನ್ನ ಸೇಠ್‌ಗೆ ತೋರಿಸು, ನನ್ನ ಮಾಲೀಕರಿಗೆ ತೋರಿಸು. ಕ್ಷಮಿಸು ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ.

ಕೊರಗಪ್ಪ


ಮಲಾಡ್ ಪೂರ್ವ
೧೬ ಜೂನ್ ೧೯೭೪

ಕೊರಗಪ್ಪನಿಗೆ,

ನಿನ್ನ ಕಾಗದ ಓದಿದ ದಿನ ಜಾಕಿಯ ಸಲಾಕೆ ತೆಗೆದುಕೊಂಡು ಸ್ಟೇಷನ್ನಿಗೆ ಹೊರಟಿದ್ದೆ. ಮುಷ್ಕರ ನಡೆದಿತ್ತು, ಲೋಕಲ್ ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತೋ ದೇವರಿಗೆ ಗೊತ್ತು. ತಿರುಗಿ ಮನೆಗೆ ಬಂದೆ. ಹತ್ತು ದಿನ ಕಾಗದವನ್ನು ಗಾಡಿಯ ಸೀಟಿನ ಕೆಳಗೆ ಬಚ್ಚಿಟ್ಟಿದ್ದೆ.

ಆಮೇಲೆ ಸುಂದ್ರವ್ವನನ್ನು ಕೂರಿಸಿ ಓದಿ ಹೇಳಿದೆ. ಮುಗಿದ ಮೇಲೆ ಒಂದೇ ಮಾತು ಕೇಳಿದಳು, “ಅಂದ್ರ ಆವತ್ತ ನೀವು ನೀರ ಹಾಕಿದ್ರಿ?” ಹಾಕಿದ್ದೆ ಅಂದೆ. “ಮತ್ತೊಮ್ಮೆ ಅನ್ರಿ,” ಅಂದಳು. ಹಾಕಿದ್ದೆ ಅಂದೆ. ಗೋಡೆಯ ಕಡೆ ತಿರುಗಿ ಅತ್ತಳು. ನಾನೂ ಅತ್ತೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ, ನಾನು ಬರೆದಿರಲಿಲ್ಲ. ಕಲ್ಲು ಒಡೆಯಲು ಹೋದ ಎರಡನೆಯ ವರ್ಷ ಚೂರು ಸಿಡಿದು ಅವಳ ಎಡಗಣ್ಣು ಹೋಯಿತು. ನಾನು ಗಾಡಿಯ ಮೇಲೇ ಇದ್ದಿದ್ದರೆ ಅವಳು ಕ್ವಾರಿಗೆ ಹೋಗುತ್ತಿರಲಿಲ್ಲ. ಆ ಕಣ್ಣು ನನ್ನ ಮರೆವಿನಿಂದ ಹೋಯಿತು ಅಂತ ಆರು ವರ್ಷ ನಾನು ಅವಳ ಮುಖವನ್ನು ನೆಟ್ಟಗೆ ನೋಡಿಲ್ಲ. ಇದನ್ನು ನಿನ್ನನ್ನು ಸುಡಲಿ ಅಂತಲೇ ಬರೆಯುತ್ತಿದ್ದೇನೆ. ಸುಳ್ಳು ಯಾಕೆ ಹೇಳಲಿ?

ಆದರೆ ಇನ್ನೂ ಒಂದನ್ನು ಹೇಳಬೇಕು. ಪಾಡ್ವಾ ಆದ ಮೇಲೆ ನನ್ನ ಕೆಲಸ ಉಳಿದಿತ್ತು, ನಿನ್ನ ಹೆಸರಿಗೆ ಹೋಳಿಗೆ ಬಂದಿತ್ತು. ನೀನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ನಾನಂತೂ ಯಾವತ್ತೂ ಕೇಳುತ್ತಿರಲಿಲ್ಲ. ಅದು ನನಗೆ ತಿಳಿಯುತ್ತದೆ.

ಕಾಗದವನ್ನು ಯಾರಿಗೂ ತೋರಿಸುವುದಿಲ್ಲ. ನಾನೇ ಬರೆಸಿಕೊಂಡದ್ದು ಅಂತಾರೆ. ನೀನೇ ಬರಬೇಕು. ೩೦ನೇ ತಾರೀಖು ಭಾನುವಾರ, ಡ್ರೈವರುಗಳೆಲ್ಲ ಕ್ವಾರಿಯ ಶೆಡ್ಡಿನಲ್ಲಿ ಸೇರುತ್ತಾರೆ. ಚನ್ನಬಸಯ್ಯನವರೂ ಇರುತ್ತಾರೆ. ಅವರಿಗೆ ಎಪ್ಪತ್ತು ಹತ್ತಿರ ಬಂತು, ಊರಿಗೆ ಹೋಗುವ ಮಾತಾಡುತ್ತಿದ್ದಾರೆ. ಅವರೆದುರಿಗೆ ನಿಂತು ನಿನ್ನ ಬಾಯಿಯಿಂದ ಹೇಳು. ಸುಂದ್ರವ್ವ ಏನು ಹೇಳಿದ್ದಾಳೆ ಅಂದರೆ, “ಹೇಳೂತನಕ ಒಂದ ತಂಬಗಿ ನೀರೂ ಕೊಡೂದಿಲ್ಲ. ಹೇಳಿದ ಮ್ಯಾಲ ಉಣ್ಣದ ಕಳಸೂದಿಲ್ಲ. ಹೆಂಡತೀನೂ ಕರಕೊಂಡ ಬಾ ಅಂತ ಬರೀರಿ.”

ನಿಂಗಣ್ಣ


ವಿಲೆ ಪಾರ್ಲೆ
೨೪ ಜೂನ್ ೧೯೭೪

ಶ್ರೀ ಚನ್ನಬಸಯ್ಯನವರಿಗೆ, ಕ್ವಾರಿ ಶೆಡ್, ಮಲಾಡ್ ಪೂರ್ವ

ನಿಮಗೆ ನನ್ನ ಗುರುತು ಇಲ್ಲ. ೧೯೬೬ರಲ್ಲಿ ಜೋಗೇಶ್ವರಿಯಲ್ಲಿ ನಿಂಗಣ್ಣನ ಗಾಡಿ ಬಿಚ್ಚಿದ ಮೇಸ್ತ್ರಿ ನಾನು. ಆ ಇಂಜಿನ್ನಿನಲ್ಲಿ ನೀರಿತ್ತು. ನನ್ನ ತಪ್ಪಿನಿಂದ ಅದು ಸುಟ್ಟಿತು, ನಾನು ಅವನ ಮೇಲೆ ಹಾಕಿದೆ. ನೀವು ಕಲಿಸಿದ್ದನ್ನು ಅವನು ಮರೆತಿರಲಿಲ್ಲ.

ಭಾನುವಾರ ನಿಮ್ಮೆದುರಿಗೆ ಬಂದು ಇದನ್ನೇ ಹೇಳುತ್ತೇನೆ. ಬೇಕೆಂದೇ ಲಕೋಟೆ ಬಿಟ್ಟು ಪೋಸ್ಟ್ ಕಾರ್ಡಿನಲ್ಲಿ ಬರೆದಿದ್ದೇನೆ. ನಿಮ್ಮ ಕೈ ಸೇರುವ ಮೊದಲು ಚಾಳಿನಲ್ಲಿ ಕನ್ನಡ ಬಲ್ಲವರೆಲ್ಲ ಓದುತ್ತಾರೆ. ಆಮೇಲೆ ನಾನು ಬಾರದೆ ಇರಲು ಆಗುವುದಿಲ್ಲ.

ಕೊರಗಪ್ಪ ಮೇಸ್ತ್ರಿ